ಕಣ್ಣು ಕೆಂಪಾದರೆ ಬೆನ್ನುನೋವನ್ನೂ ಹೇಳಿ

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿ ಯಾರಿಗೋ ಎಂದೋ ಬರೆದುಕೊಟ್ಟು ಉಳಿದ ಕಣ್ಣಿನ ಡ್ರಾಪ್ಸ್ ಬಾಟಲಿ ಇದೆಯೇ? ಇದ್ದರೆ ಮೊದಲು ಅದನ್ನು ಎಸೆದು ಬನ್ನಿ, ಆಮೇಲೆ ಈ ಬರಹ ಓದಿ. ವೈದ್ಯರು ಹೇಳಿದಂತೆ ಈಗ ಹಾಕಿಕೊಳ್ಳುತ್ತಿರುವ ಔಷಧಿಯ ಮಾತಲ್ಲ, ಅದನ್ನು ನಿಲ್ಲಿಸಬೇಡಿ. 'ಮುಂದೆ ಯಾರಿಗಾದರೂ ಬೇಕಾದೀತು' ಎಂದು ಎತ್ತಿಟ್ಟಿರುವ ಆ ಅರ್ಧ ಬಾಟಲಿಯ ಮಾತು. ಇಷ್ಟು ಒರಟಾಗಿ ಹೇಳಲು ಕಾರಣವಿದೆ. ಅಂತಹದ್ದೊಂದು ಬಾಟಲಿಯನ್ನು ನಾನೇ ಕೈಯಾರೆ ಒಬ್ಬ ಹುಡುಗನಿಗೆ ಕೊಟ್ಟಿದ್ದೇನೆ.

ನಮ್ಮ ಆಪಾರನ್ನು ಕೊಟ್ಟಿರುವುದು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಕಡೆಗೆ. ಕಣ್ಣಿನ ವಿಷಯ ಬರೆಯಲು ಹೊರಟವನಿಗೆ ಇಂಥ ಹೆಸರಿನ ಊರೇ ಸಿಗಬೇಕಿತ್ತೇ ಎಂದು ನೀವು ನಗಬಹುದು. ಊರಿನ ಹೆಸರಿಗೂ ಕುರುಡುತನಕ್ಕೂ ಸಂಬಂಧವಿಲ್ಲ. ಕೂಡುಮಲೆ ಎಂಬುದೇ ಬಾಯಿಂದ ಬಾಯಿಗೆ ಹೀಗಾಯಿತು ಎಂದು ಅಲ್ಲಿಯವರು ಹೇಳುತ್ತಾರೆ. ಆಪಾರ ಮಗನಿಗೆ ಆಗ 24 ವರ್ಷ. ಸೀಸನ್ ಬಂದರೆ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆಯಲ್ಲಿ ಲೋಡಿಂಗ್ ಕೆಲಸ. 15 ಕಿಲೋ ಬಾಕ್ಸುಗಳನ್ನು ಬೆಳಗಿನಿಂದ ಲಾರಿಗೆ ಏರಿಸುವುದು. ಒಂದು ದಿನ ಎಡಗಣ್ಣು ಕೆಂಪಾಗಿ, ನೀರು ಸುರಿಸಿಕೊಂಡು ನಮ್ಮ ಮನೆಗೆ ಬಂದ. ಮಾರುಕಟ್ಟೆಯ ಧೂಳು ಎಂದ. ನಾನೂ ಹೌದೆಂದೆ. ನನ್ನ ಮನೆಯವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಉಳಿದಿದ್ದ ಡ್ರಾಪ್ಸ್ ಇತ್ತು, ಕೊಟ್ಟೆ. ಎರಡೇ ದಿನಕ್ಕೆ ಕೆಂಪು ಇಳಿಯಿತು. "ಮಾಮು, ನಿಮ್ಮ ಔಷಧಿ ಜಾದೂ ಮಾಡ್ತು" ಎಂದು ಫೋನ್ ಮಾಡಿದ. ನನಗೂ ಖುಷಿಯಾಯಿತು.

ಐದಾರು ತಿಂಗಳಿಗೆ ಬಲಗಣ್ಣು. ಖಾಲಿ ಬಾಟಲಿಯನ್ನು ಮೆಡಿಕಲ್ ಸ್ಟೋರಿನಲ್ಲಿ ತೋರಿಸಿದ, ಅದೇ ಔಷಧಿ ಕೊಟ್ಟರು. ಚೀಟಿ ಯಾರೂ ಕೇಳಲಿಲ್ಲ. ಮತ್ತೊಮ್ಮೆ ಎಡಗಣ್ಣು ಕೆಂಪಾದಾಗ ನಮ್ಮ ಜಮಾಅತಿನವರ ಉಚಿತ ನೇತ್ರ ಶಿಬಿರ ನಡೆದಿತ್ತು. ಅಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಹಲವು ವರ್ಷಗಳಿಂದ ನನ್ನದು. ಸಾಲಿನಲ್ಲಿ ನಿಂತಿದ್ದ ಅವನನ್ನು ನಾನೇ ಹೊರಗೆ ಕಳುಹಿಸಿದೆ. "ಇದು ಪೊರೆ ಇರುವ ಹಿರಿಯರಿಗಪ್ಪ, ನಿನಗೆ ಡ್ರಾಪ್ಸ್ ಇದೆಯಲ್ಲ" ಎಂದೆ. ಒಂದು ವಾರದಲ್ಲಿ ಆ ಕಣ್ಣಿಗೆ ಮಂಜು ಕವಿದಂತಾಯಿತು. ಆಪಾ ಗಾಬರಿಯಾಗಿ ಕರೆದರು. ಕನ್ನಡಿಯಲ್ಲಿ ನೋಡಿದರೆ ಕಣ್ಣಿನ ಪಾಪೆ ದುಂಡಗೆ ಇರಲಿಲ್ಲ, ಒಂದು ಬದಿ ಯಾರೋ ಎಳೆದು ಅಂಟಿಸಿದ ಹಾಗಿತ್ತು.

ಕೋಲಾರದಲ್ಲಿ ಒಬ್ಬ ಕಣ್ಣಿನ ವೈದ್ಯೆ ಅವನ ಗಲ್ಲವನ್ನು ಸ್ಲಿಟ್ ಲ್ಯಾಂಪ್ ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ಕಣ್ಣಿನದಲ್ಲ.

"ಬೆಳಿಗ್ಗೆ ಎದ್ದಾಗ ನಿಮ್ಮ ಬೆನ್ನು ಹೇಗಿರುತ್ತೆ?"

ಹುಡುಗ ನನ್ನ ಮುಖ ನೋಡಿದ. ನಂತರ ಹೇಳಿದ: "ಫಜ್ರ್ ನಮಾಝಿನಲ್ಲಿ ರುಕೂಗೆ ಬಗ್ಗೋಕೆ ಆಗಲ್ಲ ಮೇಡಂ. ಝುಹರ್ ಹೊತ್ತಿಗೆ ಸರಿಹೋಗುತ್ತೆ."

ಎರಡು ವರ್ಷದಿಂದ ಹೀಗಿತ್ತಂತೆ. ಬಾಕ್ಸ್ ಎತ್ತುವವನಿಗೆ ಬೆನ್ನು ನೋಯದೆ ಇರುತ್ತದೆಯೇ ಎಂದು ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಭಾರ ಎತ್ತಿದ ನೋವಿಗೂ ಈ ನೋವಿಗೂ ದೊಡ್ಡ ವ್ಯತ್ಯಾಸವಿದೆ. ಭಾರ ಎತ್ತಿದ ಬೆನ್ನು ಕೆಲಸ ಮಾಡಿದಂತೆ ಹೆಚ್ಚು ನೋಯುತ್ತದೆ, ಮಲಗಿದರೆ ಸುಧಾರಿಸುತ್ತದೆ. ಇವನದು ತಿರುಗಾಮುರುಗಾ. ಮಲಗಿ ಎದ್ದರೆ ಮರದ ಹಲಗೆಯಂತೆ ಬಿಗಿ, ಓಡಾಡಿದರೆ ಸಡಿಲ. ರಾತ್ರಿಯ ಕೊನೆಯ ಜಾವದಲ್ಲಿ ನೋವಿಗೇ ಎಚ್ಚರವಾಗುವುದು, ಪೃಷ್ಠದ ಒಂದು ಬದಿ ಒಮ್ಮೆ, ಇನ್ನೊಂದು ಬದಿ ಇನ್ನೊಮ್ಮೆ ನೋಯುವುದು ಕೂಡ ಇದರ ಗುರುತು. ರಕ್ತ ಪರೀಕ್ಷೆ, ಸೊಂಟದ ಕೀಲಿನ ಎಂಆರ್‌ಐ ಆದ ಮೇಲೆ ಹೆಸರು ಸಿಕ್ಕಿತು: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಹುರಿಯ ಸುತ್ತಲಿನ ಕೀಲುಗಳಲ್ಲಿ ಉರಿಯೂತ ಬಂದು, ಚಿಕಿತ್ಸೆ ಇಲ್ಲದೆ ವರ್ಷಗಳು ಕಳೆದರೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದಾದ ಕಾಯಿಲೆ. ಹೆಚ್ಚಾಗಿ 45 ವರ್ಷದೊಳಗೇ ಶುರುವಾಗುತ್ತದೆ. ಕಣ್ಣಿನ ಕೆಂಪಿಗೆ ಯೂವಿಯೈಟಿಸ್ ಎಂದು ಹೆಸರು, ಅಂದರೆ ಕಣ್ಣಿನ ಒಳಗಿನ ಬಣ್ಣದ ಪದರದ ಉರಿಯೂತ. ಎರಡೂ ಒಂದೇ ಕಾಯಿಲೆಯ ಎರಡು ಮುಖ.

ಇದು ಆಟೋಇಮ್ಯೂನ್ ಕಾಯಿಲೆಗಳ ಗುಂಪಿಗೆ ಹತ್ತಿರದ್ದು. ನಮ್ಮನ್ನು ರೋಗಾಣುಗಳಿಂದ ಕಾಯಲೆಂದು ಇರುವ ವ್ಯವಸ್ಥೆ ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯಲು ಶುರು ಮಾಡುವುದೇ ಆಟೋಇಮ್ಯೂನ್. ಕೀಲು, ಚರ್ಮ, ಲಾಲಾರಸದ ಗ್ರಂಥಿ, ಥೈರಾಯ್ಡ್, ನರ, ಎಲ್ಲಿ ಬೇಕಾದರೂ ಆ ಏಟು ಬೀಳಬಹುದು. ಕಣ್ಣಿಗೂ ಬೀಳುತ್ತದೆ, ಎಷ್ಟೋ ಜನರಲ್ಲಿ ಮೊದಲ ಏಟೇ ಕಣ್ಣಿಗೆ. ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾರಣ ತಿಳಿಯದ ಇಂತಹ ಮುಂಭಾಗದ ಯೂವಿಯೈಟಿಸ್ ಎಂದು ಕಣ್ಣಿನ ಆಸ್ಪತ್ರೆಗೆ ಬಂದವರಲ್ಲಿ ಸುಮಾರು ನೂರಕ್ಕೆ 40 ಮಂದಿಗೆ ಅದುವರೆಗೆ ಪತ್ತೆಯಾಗದ ಬೆನ್ನು-ಕೀಲಿನ ಉರಿಯೂತದ ಕಾಯಿಲೆ ಇತ್ತು. ನಮ್ಮ ಹುಡುಗನ ಹಾಗೆ. ಅವರ ಬೆನ್ನು ಏನು ಹೇಳುತ್ತಿದೆ ಎಂದು ಯಾರೋ ಕೇಳಬೇಕಾಯಿತು, ಅಷ್ಟೇ.

ನಾನು ವೈದ್ಯನಲ್ಲ. ತಪ್ಪು ಮಾಡಿದ ಮೇಲೆ ಕೇಳಿ, ಓದಿ ತಿಳಿದುಕೊಂಡವನು. ನನ್ನ ಅಭಿಪ್ರಾಯ ಒಂದೇ: ಕಣ್ಣಿನ ಕಾಯಿಲೆಯನ್ನು ನಾವು ಕಣ್ಣಿಗೇ ಸೀಮಿತ ಮಾಡಿದ್ದೇವೆ. ಬೆನ್ನುನೋವನ್ನು ಮೂಳೆ ಡಾಕ್ಟರಿಗೆ, ಬಾಯಿಹುಣ್ಣನ್ನು ಬಿ ಕಾಂಪ್ಲೆಕ್ಸ್ ಮಾತ್ರೆಗೆ, ಕೆಂಪು ಕಣ್ಣನ್ನು ಮೆಡಿಕಲ್ ಸ್ಟೋರಿಗೆ ಹಂಚಿಬಿಟ್ಟಿದ್ದೇವೆ. ಹಂಚಿಹೋದ ಈ ತುಂಡುಗಳನ್ನು ಜೋಡಿಸಲು ವೈದ್ಯರಿಗೆ ಸಾಧ್ಯವಾಗುವುದು ನಾವು ಎಲ್ಲವನ್ನೂ ಒಟ್ಟಿಗೆ ಹೇಳಿದಾಗ ಮಾತ್ರ.

ಹಾಗಾದರೆ ಕಣ್ಣು ಕೆಂಪಾದಾಗಲೆಲ್ಲ ಹೆದರಬೇಕೇ? ಬೇಡ. ನಾವು ಮದ್ರಾಸ್ ಐ ಎನ್ನುವ ಕಣ್ಣು ಬೇನೆ ಬಂದರೆ ಕಣ್ಣು ಚುಚ್ಚಿದಂತಾಗುತ್ತದೆ, ಬೆಳಿಗ್ಗೆ ಪಿಸುರು ಕಟ್ಟಿ ರೆಪ್ಪೆಗಳು ಅಂಟಿಕೊಳ್ಳುತ್ತವೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಅಣ್ಣನಿಂದ ತಂಗಿಗೆ ಹರಡುತ್ತದೆ, ದೃಷ್ಟಿ ಮಾತ್ರ ಹಾಗೇ ಇರುತ್ತದೆ. ಯೂವಿಯೈಟಿಸ್ ಹಾಗಲ್ಲ. ಸಾಮಾನ್ಯವಾಗಿ ಒಂದೇ ಕಣ್ಣು. ಪಿಸುರು ಇಲ್ಲ. ಒಳಗಿನಿಂದ ಗುದ್ದಿದಂಥ ನೋವು. ಬೆಳಕು ನೋಡಲಾಗುವುದಿಲ್ಲ, ಮಗ್ರಿಬ್ ಹೊತ್ತಿನ ಟ್ಯೂಬ್‌ಲೈಟಿಗೂ ಕೈ ಅಡ್ಡ ಹಿಡಿಯಬೇಕು. ಕೆಂಪು ಹೆಚ್ಚಾಗಿ ಕರಿಗುಡ್ಡೆಯ ಸುತ್ತ ಉಂಗುರದಂತೆ ಇರುತ್ತದೆ, ದೃಷ್ಟಿ ಮಸುಕಾಗುತ್ತದೆ. ನೋವು, ಬೆಳಕಿಗೆ ಹಿಂಸೆ, ಮಸುಕು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ನಾಳೆ ಸಂತೆ ಮುಗಿಸಿ ಎನ್ನುವ ಹಾಗಿಲ್ಲ. ಒಂದೇ ವರ್ಷದಲ್ಲಿ ಎರಡನೆಯ ಸಲ ಕಣ್ಣು ಕೆಂಪಾದರೆ, ಅದು ತಾನಾಗಿ ಇಳಿದರೂ ಸರಿ, ತೋರಿಸಿಯೇ ಬನ್ನಿ.

ಇನ್ನು ಆ ಬಾಟಲಿಯ ವಿಷಯ. ಪೊರೆ ಆಪರೇಷನ್ ನಂತರ ಕೊಡುವ ಡ್ರಾಪ್ಸ್‌ಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಯೂವಿಯೈಟಿಸ್‌ಗೆ ವೈದ್ಯರು ಕೊಡುವುದೂ ಸ್ಟೀರಾಯ್ಡೇ. ಹಾಗಿದ್ದರೆ ನಾನು ಕೊಟ್ಟದ್ದು ಸರಿಯಾಯಿತಲ್ಲ ಎಂದು ವೈದ್ಯೆಯ ಹತ್ತಿರ ಮೊಂಡುವಾದ ಮಾಡಿ ನೋಡಿದೆ. ಅವರು ಬೈಯಲಿಲ್ಲ, ವಿವರಿಸಿದರು. ಈ ಔಷಧಿಯನ್ನು ಮೊದಲು ಗಂಟೆಗೊಮ್ಮೆ ಎಂಬಷ್ಟು ಹಾಕಿ, ನಂತರ ವಾರಗಳ ಕಾಲ ಮೆಲ್ಲಗೆ ಇಳಿಸುತ್ತಾ ಬರಬೇಕು. ಜೊತೆಗೆ ಪಾಪೆಯನ್ನು ಅಗಲಿಸುವ ಇನ್ನೊಂದು ಔಷಧಿ ಬೇಕು, ಇಲ್ಲವಾದರೆ ಉರಿಯೂತದ ಅಂಟಿನಿಂದ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ. ಎರಡು ದಿನ ಹಾಕಿ ನಿಲ್ಲಿಸಿದಾಗ ಹೊರಗಿನ ಕೆಂಪು ಹೋಯಿತು, ಒಳಗಿನ ಬೆಂಕಿ ಬೂದಿ ಮುಚ್ಚಿಕೊಂಡು ಹಾಗೇ ಇತ್ತು. ಇದಾದರೂ ಪುಣ್ಯ. ಅವನ ಕೆಂಪು ಕಣ್ಣು ಸರ್ಪಸುತ್ತಿನ ಬಳಗದ ಹರ್ಪಿಸ್ ವೈರಸ್ಸಿನಿಂದಲೋ, ರಾಗಿ ಭತ್ತದ ಹೊಟ್ಟು ತಾಗಿ ಹುಟ್ಟಿದ ಬೂಷ್ಟಿನ ಹುಣ್ಣಿನಿಂದಲೋ ಆಗಿದ್ದರೆ, ಅದೇ ನಾಲ್ಕು ಹನಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು ಕೊರೆದು ತೂತು ಮಾಡಬಹುದಿತ್ತು. ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಚಿಕ್ಕ ವಯಸ್ಸಿನಲ್ಲೇ ಪೊರೆ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸು ಬರುವುದಿಲ್ಲ.

ಹಾಗೆಂದು ಕಣ್ಣಿನ ಒಳಗಿನ ಉರಿಯೂತವೆಲ್ಲ ಆಟೋಇಮ್ಯೂನ್ ಅಲ್ಲ. ನಮ್ಮ ದೇಶದಲ್ಲಿ ಕ್ಷಯರೋಗ ಕೂಡ ಅದಕ್ಕೆ ಒಂದು ಮುಖ್ಯ ಕಾರಣ. ಆದ್ದರಿಂದ 'ಕಣ್ಣಿಗೆ ತೋರಿಸಲು ಹೋದರೆ ಎದೆ ಎಕ್ಸ್‌ರೇ ತೆಗೆಸಿ ಅಂತಾರೆ, ದುಡ್ಡು ಮಾಡೋಕೆ' ಎಂದು ಗೊಣಗಬೇಡಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡುವ ಮುಂಚೆ ಟಿಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಹೆಂಗಸರ ಕಣ್ಣಿನ ಕಥೆ ಬೇರೆ, ಅದು ಇನ್ನೂ ಸದ್ದಿಲ್ಲದ್ದು. ನಮ್ಮ ಖಾಲಾ ಒಬ್ಬರು ಇಫ್ತಾರಿನಲ್ಲಿ ಖರ್ಜೂರವನ್ನು ಬಾಯಿಗಿಟ್ಟು ಅಗಿಯದೆ ನೀರಿಗಾಗಿ ಕೈ ಚಾಚುತ್ತಿದ್ದರು. ನೀರಿಲ್ಲದೆ ಅವರಿಗೆ ಒಣ ಪದಾರ್ಥ ನುಂಗಲು ಬರುತ್ತಿರಲಿಲ್ಲ. ಕಣ್ಣಿನಲ್ಲಿ ಮರಳು ಹಾಕಿದಂತೆ ಎನ್ನುವರು. ಈರುಳ್ಳಿ ಹೆಚ್ಚಿದರೂ ಅವರಿಗೆ ನೀರು ಬರುವುದಿಲ್ಲ ಎಂದು ಸೊಸೆಯಂದಿರು ತಮಾಷೆ ಮಾಡುತ್ತಿದ್ದರು. ಹಲ್ಲುಗಳು ಒಂದೊಂದಾಗಿ ಹುಳುಕಾದವು. ವಯಸ್ಸು, ಉಷ್ಣ, ಒಲೆಯ ಹೊಗೆ, ಒಂದೊಂದಕ್ಕೂ ಒಂದೊಂದು ಕಾರಣ ನಮ್ಮ ಹತ್ತಿರ ತಯಾರಿತ್ತು. ಕಣ್ಣೀರು ಮತ್ತು ಲಾಲಾರಸದ ಗ್ರಂಥಿಗಳನ್ನು ದೇಹವೇ ನಾಶ ಮಾಡುವ ಈ ಕಾಯಿಲೆಗೆ ಷೋಗ್ರನ್ಸ್ ಎಂದು ಹೆಸರು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಷೋಗ್ರನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ಒಣಗಣ್ಣು, ಒಣಬಾಯಿ, ಕೀಲುನೋವು ಮೂರನ್ನೂ ಸೇರಿಸಿ ನೋಡಿದರು. ಬರುವ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಪರೀಕ್ಷೆಯ ಮೊದಲ ಹೆಜ್ಜೆ ತೀರಾ ಸರಳ: ಕೆಳರೆಪ್ಪೆಯ ಒಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. 5 ಮಿಲಿಮೀಟರಿನಷ್ಟೂ ಒದ್ದೆಯಾಗದಿದ್ದರೆ ಕಣ್ಣೀರು ಬಹಳ ಕಡಿಮೆ ಎಂದು ಅರ್ಥ. ಒಣಗಣ್ಣು ಇರುವವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಮೊಬೈಲ್ ನೋಡಿ ಒಣಗಿಸಿಕೊಂಡವರೇ ಹೆಚ್ಚು. ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ, ಬೆರಳ ಗೆಣ್ಣುಗಳು ಬೆಳಿಗ್ಗೆ ಬಾತು ಬಿಗಿಯುತ್ತಿದ್ದರೆ ಮಾತ್ರ ಸುಮ್ಮನಿರಬೇಡಿ. ಸಂಧಿವಾತ ಈಗಾಗಲೇ ಇರುವವರಿಗೆ ಕಣ್ಣಿನ ಬಿಳಿಭಾಗ ಗಾಢ ಕೆಂಪಾಗಿ, ರಾತ್ರಿ ನಿದ್ದೆ ಕೆಡಿಸುವಷ್ಟು ನೋವು ಬಂದರೆ ಅದು ತುರ್ತು. ಕಣ್ಣಿನ ಗೋಡೆಗೇ ಉರಿಯೂತ ಹತ್ತಿದೆ ಎಂದು ಅರ್ಥ.

ಮಕ್ಕಳ ವಿಷಯದಲ್ಲಿ ಮೇಲೆ ನಾನು ಬರೆದ ಲಕ್ಷಣಗಳನ್ನೆಲ್ಲ ಮರೆತುಬಿಡಿ. 16 ವರ್ಷದೊಳಗಿನ ಮಕ್ಕಳಿಗೂ ಸಂಧಿವಾತ ಬರುತ್ತದೆ. ಬೆಳಿಗ್ಗೆ ಕುಂಟುವ, ಮದರಸಾದಲ್ಲಿ ಚಕ್ಕಳಮಕ್ಕಳ ಕೂರಲು ಹಟ ಮಾಡುವ, ಮಂಡಿ ಆರು ವಾರವಾದರೂ ಊದಿಕೊಂಡೇ ಇರುವ ಮಗುವನ್ನು 'ಆಟದಲ್ಲಿ ಬಿದ್ದಿರಬೇಕು' ಎಂದು ಬಿಡಬಾರದು. ಇಂತಹ ಮಕ್ಕಳಲ್ಲಿ ಕೆಲವರಿಗೆ, ಅದರಲ್ಲೂ ಚಿಕ್ಕ ಹೆಣ್ಣುಮಕ್ಕಳಿಗೆ, ಕಣ್ಣಿನೊಳಗೆ ಉರಿಯೂತ ಇರುತ್ತದೆ. ಆದರೆ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಏನೂ ಹೇಳುವುದಿಲ್ಲ. ತಾಯಿ ಎಷ್ಟೇ ಹತ್ತಿರದಿಂದ ನೋಡಿದರೂ ಬಿಳಿ ಬಿಳಿ ಚೆಂದದ ಕಣ್ಣು. ಸ್ಲಿಟ್ ಲ್ಯಾಂಪಿನಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಎಎನ್ಎ ಎಂಬ ರಕ್ತ ಪರೀಕ್ಷೆ ಪಾಸಿಟಿವ್ ಬಂದ ಚಿಕ್ಕ ಮಕ್ಕಳಿಗೆ, ಕಣ್ಣಿನ ದೂರು ಇರಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ ಆಗಲೇಬೇಕು. ಮಂಡಿ ವಾಸಿಯಾಯಿತೆಂದು ಇದನ್ನು ಬಿಡುವ ಮನೆಗಳಿವೆ. ದಯವಿಟ್ಟು ಬಿಡಬೇಡಿ.

ದೃಷ್ಟಿನರಕ್ಕೆ ಬೀಳುವ ಏಟು ಇನ್ನೊಂದು ಬಗೆ. ಒಂದು ಕಣ್ಣು ಕೆಲವೇ ದಿನಗಳಲ್ಲಿ ಮಬ್ಬಾಗುತ್ತದೆ, ಕಣ್ಣು ಹೊರಳಿಸಿದರೆ ಹಿಂದೆ ನೋವು, ಟೊಮೆಟೊ ಕೆಂಪು ಒಂದು ಕಣ್ಣಿಗೆ ಕೆಂಪಾಗಿ, ಇನ್ನೊಂದಕ್ಕೆ ಮಾಸಿದಂತೆ ಕಾಣುತ್ತದೆ. ಹೊರಗಿನಿಂದ ಕಣ್ಣು ಸರಿಯಾಗೇ ಇರುತ್ತದೆ, ಹಾಗಾಗಿ 'ನಾಟಕ' ಎನಿಸಿಕೊಂಡ ಹುಡುಗಿಯರೂ ಉಂಟು. ಇದರ ಹಿಂದೆ ಇರಬಹುದಾದ ಕಾಯಿಲೆಗಳಲ್ಲಿ ಎನ್ಎಂಒ ಎಂಬುದೊಂದು. ಅದನ್ನು ಗುರುತಿಸುವ ಪ್ರತಿಕಾಯವನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2004ರಲ್ಲಿ ಕಂಡುಹಿಡಿದರು. ನಮ್ಮ ರಾಜ್ಯಕ್ಕೆ ಇದರಲ್ಲಿ ಹೆಮ್ಮೆಪಡುವ ಪಾಲಿದೆ. ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ತಂಡ ಇಂತಹ ರೋಗಿಗಳ ನೋಂದಣಿಯನ್ನು ವರ್ಷಗಟ್ಟಲೆ ಕಟ್ಟಿಕೊಂಡು ಬಂದಿದ್ದಾರೆ, ಈ ಪ್ರತಿಕಾಯದ ಪರೀಕ್ಷೆಯನ್ನು ತಮ್ಮದೇ ಪ್ರಯೋಗಾಲಯದಲ್ಲಿ ರೂಪಿಸಿದ್ದಾರೆ. ಪರೀಕ್ಷೆ ಏಕೆ ಮುಖ್ಯವೆಂದರೆ, ಇದನ್ನು ನೋಡಲು ಹೋಲುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದು ತಿಳಿದು ಅದರ ಔಷಧಿ ಕೊಟ್ಟರೆ ಎನ್ಎಂಒ ಕೆಲವೊಮ್ಮೆ ಇನ್ನಷ್ಟು ಹದಗೆಡುತ್ತದೆ. ಥೈರಾಯ್ಡಿನ ಕಣ್ಣು ನಿಮಗೆ ಗೊತ್ತಿರುವುದೇ: ಗುಡ್ಡೆ ಮುಂದೆ ಚಾಚಿ, ಮೇಲ್ರೆಪ್ಪೆ ಎಳೆದುಕೊಂಡು, ಸದಾ ಬೆಚ್ಚಿಬಿದ್ದವರಂತೆ ಕಾಣುವುದು. ಬೀಡಿ ಸಿಗರೇಟು ಅದನ್ನು ಹೆಚ್ಚಿಸುತ್ತದೆ ಎಂಬುದೊಂದನ್ನು ಗಂಡಸರು ನೆನಪಿಡಲಿ.

ಕಣ್ಣನ್ನು ಮೈಯಿಂದ ಬೇರ್ಪಡಿಸದೆ ನೋಡುವುದು ಹೊಸ ವಿಜ್ಞಾನವೇನಲ್ಲ, ಅದು ನಮ್ಮ ಹಿರಿಯರ ದಾರಿಯೂ ಹೌದು. ಸಾವಿರ ವರ್ಷಗಳ ಹಿಂದೆ ಬಗ್ದಾದಿನಲ್ಲಿದ್ದ ಕಣ್ಣಿನ ಹಕೀಮ್ ಅಲೀ ಇಬ್ನ್ ಈಸಾ, ಕಣ್ಣಿನ ವೈದ್ಯರಿಗಾಗಿ 'ತಝ್ಕಿರತುಲ್ ಕಹ್ಹಾಲೀನ್' ಎಂಬ ಗ್ರಂಥ ಬರೆದರು. ಕಣ್ಣಿನ ಉರಿಯೂತದ ಜೊತೆ ರೆಪ್ಪೆಗೂದಲು ಬೆಳ್ಳಗಾಗುವುದನ್ನು ಮೊದಲು ದಾಖಲಿಸಿದವರೆಂದು ವೈದ್ಯಕೀಯ ಇತಿಹಾಸಕಾರರು ಹೆಸರಿಸುವುದು ಅವರನ್ನೇ. ಇಂದು ಆ ಕಾಯಿಲೆಗೆ ವಿಕೆಎಚ್ ಎನ್ನುತ್ತಾರೆ, ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹ ಯುದ್ಧ ಸಾರುತ್ತದೆ. ಮೊದಲು ತಲೆನೋವು, ಕಿವಿಯಲ್ಲಿ ಗುಂಯ್ ಶಬ್ದ, ನಂತರ ಎರಡೂ ಕಣ್ಣು ಮಂಜು. ತಿಂಗಳುಗಳ ಮೇಲೆ ರೆಪ್ಪೆ ಬೆಳ್ಳಗಾಗುತ್ತದೆ, ಚರ್ಮದಲ್ಲಿ ಬಿಳಿ ತೊನ್ನಿನ ಮಚ್ಚೆ ಕಾಣುತ್ತದೆ. ಮೊದಲ ದಿನಗಳಲ್ಲೇ ಸರಿಯಾದ ಪ್ರಮಾಣದ ಔಷಧಿ ಬಿದ್ದರೆ ದೃಷ್ಟಿ ಉಳಿಯುತ್ತದೆ. ಹಾಗೆಯೇ 1937ರಲ್ಲಿ ಇಸ್ತಾಂಬುಲ್‌ನ ಚರ್ಮವೈದ್ಯ ಹುಲೂಸಿ ಬೆಹ್ಚೆತ್, ಮೇಲಿಂದ ಮೇಲೆ ಬರುವ ಬಾಯಿಹುಣ್ಣು, ಗುಪ್ತಾಂಗದ ಹುಣ್ಣು ಮತ್ತು ಕಣ್ಣಿನ ಉರಿಯೂತ, ಈ ಮೂರೂ ಒಂದೇ ಕಾಯಿಲೆ ಎಂದು ತೋರಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಲೇಬೇಕು. ಈ ಕಾಯಿಲೆ ಕಣ್ಣನ್ನು ಹೆಚ್ಚು ಕೆಡಿಸುವುದು ಯುವಕರಲ್ಲಿ. ಗುಪ್ತಾಂಗದ ಹುಣ್ಣಿನ ವಿಷಯ ಹೇಳಿದರೆ ನಡತೆಯನ್ನು ಅನುಮಾನಿಸುತ್ತಾರೆಂದು ಅವರು ಮುಚ್ಚಿಡುತ್ತಾರೆ. ಇದು ನಡತೆಯ ಕಾಯಿಲೆ ಅಲ್ಲ. ಕಣ್ಣಿನ ವೈದ್ಯರ ಮುಂದೆ ಆ ಮಾತು ಹೇಳುವುದರಲ್ಲಿ ನಾಚಿಕೆ ಪಡಬೇಕಾದದ್ದು ಏನೂ ಇಲ್ಲ.

ಮುಚ್ಚಿಡುವ ಮಾತು ಬಂದದ್ದರಿಂದ ಮದುವೆಯ ವಿಷಯವನ್ನೂ ಹೇಳಿಬಿಡುತ್ತೇನೆ. 'ಹೆಣ್ಣಿಗೆ ವಾತದ ಕಾಯಿಲೆ ಅಂತ ಗೊತ್ತಾದರೆ ಯಾರು ಬರ್ತಾರೆ?' ಈ ಭಯ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯಲ್ಲೂ ಅದೇ ಪಿಸುಮಾತು ನಡೆದಿದೆ. ಆದರೆ ಮುಚ್ಚಿಟ್ಟ ಮದುವೆಯಲ್ಲಿ ಆ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಕೊನೆಗೆ ನಿಲ್ಲಿಸಿಬಿಡುತ್ತಾಳೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ ಅದನ್ನು ಬದಲಿಸಬೇಕು. ಷೋಗ್ರನ್ಸ್ ಅಥವಾ ಲೂಪಸ್ ಇದ್ದು ರಕ್ತದಲ್ಲಿ ಆಂಟಿ-ರೋ ಪ್ರತಿಕಾಯ ಇರುವ ತಾಯಂದಿರಲ್ಲಿ ನೂರಕ್ಕೆ ಒಂದೆರಡು ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೇ ಹೃದಯ ಬಡಿತದ ತೊಂದರೆ ಆಗಬಹುದು, ಅದಕ್ಕೆ ವಿಶೇಷ ಸ್ಕ್ಯಾನ್ ಬೇಕು. ಹೆರಿಗೆ ಡಾಕ್ಟರಿಗೆ ಗೊತ್ತೇ ಇಲ್ಲದಿದ್ದರೆ ಅವರು ನೋಡುವುದು ಏನನ್ನು? ಮುಚ್ಚಿಟ್ಟವರು ನಾವು, ಬೆಲೆ ತೆರುವುದು ಆ ಹೆಣ್ಣುಮಗಳು ಮತ್ತು ಅವಳ ಮಗು. ನಿಮ್ಮ ಮಗನಿಗೆ ಹೆಣ್ಣು ನೋಡಲು ಹೋದಾಗ ಆ ಮನೆಯವರು ಇಂತಹದ್ದನ್ನು ಪ್ರಾಮಾಣಿಕವಾಗಿ ಹೇಳಿದರೆ ಎದ್ದು ಬರಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಚಿಕಿತ್ಸೆಯಲ್ಲಿರುವ ಬಹುಪಾಲು ಹೆಣ್ಣುಮಕ್ಕಳು ಸಂಸಾರ ಮಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಸಾಕುತ್ತಾರೆ.

ರಮಝಾನಿನಲ್ಲಿ ಇನ್ನೊಂದು ತೊಡಕು. ಡ್ರಾಪ್ಸ್ ಹಾಕಿದರೆ ಉಪವಾಸ ಮುರಿಯುತ್ತದೆಂದು ಹಗಲೆಲ್ಲ ಬಿಟ್ಟು, ಇಫ್ತಾರಿನ ನಂತರ ಒಮ್ಮೆಲೇ ನಾಲ್ಕು ಸಲ ಹಾಕಿಕೊಳ್ಳುವವರನ್ನು ನಾನು ಬಲ್ಲೆ. ಹನಫಿ ಮತ್ತು ಶಾಫಿಈ ಎರಡೂ ಮದ್ಹಬ್‌ಗಳ ಪ್ರಕಾರ ಕಣ್ಣಿಗೆ ಹಾಕುವ ಔಷಧಿಯಿಂದ ಉಪವಾಸ ಮುರಿಯುವುದಿಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ 1997ರ ನಿರ್ಣಯದಲ್ಲಿ ಇದನ್ನೇ ಹೇಳಿದೆ, ಗಂಟಲಿಗೆ ಇಳಿದದ್ದನ್ನು ನುಂಗಬಾರದು ಎಂಬ ಷರತ್ತಿನೊಂದಿಗೆ. ಡ್ರಾಪ್ಸ್ ಹಾಕಿದ ಮೇಲೆ ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಗಂಟಲಿಗೆ ಇಳಿಯುವುದು ಬಹಳ ಕಡಿಮೆ. ಔಷಧಿಯೂ ಕಣ್ಣಿನಲ್ಲೇ ಉಳಿದು ಹೆಚ್ಚು ಕೆಲಸ ಮಾಡುತ್ತದೆ. ಮಾತ್ರೆಗಳ ವಿಷಯ ಬೇರೆ. ಸಹ್ರಿ-ಇಫ್ತಾರಿಗೆ ಹೊಂದಿಸಲಾಗುತ್ತದೆಯೇ ಎಂದು ರಮಝಾನಿಗೆ ಒಂದು ತಿಂಗಳ ಮುಂಚೆಯೇ ವೈದ್ಯರನ್ನು ಕೇಳಿ. ಆಗುವುದಿಲ್ಲ ಎಂದರೆ ಕಾಯಿಲೆಯವರಿಗೆ ಅಲ್ಲಾಹನು ಕೊಟ್ಟಿರುವ ರಿಯಾಯಿತಿ ಇದ್ದೇ ಇದೆ.

ಲೂಪಸ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆಯೂ ಒಂದು ಮಾತು. 'ಕಣ್ಣು ಹೋಗುತ್ತದೆ' ಎಂದು ಯಾರೋ ಹೇಳಿದ್ದನ್ನು ಕೇಳಿ ನಿಲ್ಲಿಸಿದವರಿದ್ದಾರೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ಕೊಟ್ಟರೆ ಮೊದಲ ಕೆಲವು ವರ್ಷಗಳಲ್ಲಿ ಅಪಾಯ ತೀರಾ ಕಡಿಮೆ. ಶುರುಮಾಡಿದ ಮೊದಲ ವರ್ಷದಲ್ಲಿ ಒಮ್ಮೆ ಕಣ್ಣಿನ ಪರದೆ ತೋರಿಸಿ, ಐದು ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಇನ್ನೂ ಬೇಗ.

ನಮ್ಮ ಭಾಗದವರಿಗೆ ದಾರಿ ದೂರವೇನಲ್ಲ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಸರ್ಕಾರದ್ದೇ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಕೀಲಿನ ಉರಿಯೂತಗಳಿಗೆಂದೇ ಇರುವ ರುಮಟಾಲಜಿಸ್ಟ್ ಎಂಬ ತಜ್ಞರ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ, ಕೇಳಿ ತಿಳಿಯಿರಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡನ್ನು ಆಪರೇಷನ್ ಬಂದಾಗ ಹುಡುಕುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳಿ. ಔಷಧಿ ದುಬಾರಿ ಎಂಬುದು ನಿಜ. ಆದರೂ ಮೊದಲಿನ ಹಾಗಿಲ್ಲ. ಬೆನ್ನಿಗೂ ಕಣ್ಣಿಗೂ ಕೆಲಸ ಮಾಡುವ ಅಡಾಲಿಮುಮ್ಯಾಬ್ ಇಂಜೆಕ್ಷನ್ನಿನ ದೇಶೀ ರೂಪವನ್ನು ಅಹಮದಾಬಾದಿನ ಝೈಡಸ್ ಕಂಪನಿ 2014ರಲ್ಲೇ ಹೊರತಂದಿತು. ಅದೂ ಎಲ್ಲರಿಗೂ ಬೇಕಾಗುವುದಿಲ್ಲ. ನಮ್ಮ ಹುಡುಗನಿಗೆ ಸದ್ಯಕ್ಕೆ ಮಾತ್ರೆ ಮತ್ತು ವ್ಯಾಯಾಮದಲ್ಲೇ ನಡೆಯುತ್ತಿದೆ.

ನಮ್ಮ ಜಮಾಅತ್, ಮಸೀದಿ ಕಮಿಟಿಗಳು ನಡೆಸುವ ಕಣ್ಣಿನ ಶಿಬಿರಗಳನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಪೊರೆ ತೆಗೆಸಿ ಎಷ್ಟೋ ಹಿರಿಯರಿಗೆ ಕುರ್‌ಆನ್ ಓದುವ ಕಣ್ಣು ಮರಳಿ ಸಿಕ್ಕಿದೆ. ಆದರೆ ಆ ಶಿಬಿರಕ್ಕೆ ಕೆಂಪು ಕಣ್ಣಿನ ಯುವಕ ಬಂದರೆ, ಬೆರಳು ಬಾತ ತಾಯಿ ಬಂದರೆ, ಕುಂಟುವ ಮಗು ಬಂದರೆ ನಾವು ಏನು ಮಾಡುತ್ತೇವೆ? ನಾನು ಏನು ಮಾಡಿದೆ ಎಂದು ಮೇಲೆಯೇ ಬರೆದಿದ್ದೇನೆ. ಹೆಸರು ಬರೆಯುವ ಮೇಜಿನಲ್ಲಿ ಕುಳಿತವನು ವೈದ್ಯನಾಗಬೇಕಿಲ್ಲ, ನಾಲ್ಕು ಮಾತು ಕೇಳಿದರೆ ಸಾಕು. ಕಣ್ಣು ಹೀಗೆ ಹಿಂದೆಯೂ ಕೆಂಪಾಗಿತ್ತೇ, ಯಾವ ಡ್ರಾಪ್ಸ್ ಹಾಕಿದಿರಿ? ಬೆಳಿಗ್ಗೆ ಎದ್ದಾಗ ಬೆನ್ನು, ಬೆರಳು, ಮಂಡಿ ಅರ್ಧ ಗಂಟೆಗಿಂತ ಹೆಚ್ಚು ಬಿಗಿಯಾಗಿರುತ್ತದೆಯೇ? ಬಾಯಿಹುಣ್ಣು ಮೇಲಿಂದ ಮೇಲೆ ಬರುತ್ತದೆಯೇ? ಬಾಯಿ ಒಣಗಿ ನೀರಿಲ್ಲದೆ ನುಂಗಲು ಕಷ್ಟವೇ? ಒಂದಕ್ಕಾದರೂ ಹೌದು ಎಂದವರ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ವೈದ್ಯರಿಗೆ ಬೇರೆಯಾಗಿ ತೋರಿಸಿ. ಹೆಂಗಸರ ಸಾಲಿನಲ್ಲಿ ಈ ಪ್ರಶ್ನೆಗಳನ್ನು ಹೆಂಗಸರೇ ಕೇಳಲಿ.

ಆಪಾರ ಮಗನ ಎಡಗಣ್ಣಿನ ಪಾಪೆ ಇಂದಿಗೂ ಪೂರ್ತಿ ದುಂಡಗಿಲ್ಲ. ದೃಷ್ಟಿ ಬಹುಮಟ್ಟಿಗೆ ಬಂದಿದೆ, ಅಲ್‌ಹಮ್ದುಲಿಲ್ಲಾಹ್. ಲೋಡಿಂಗ್ ಬಿಟ್ಟು ಮಾರುಕಟ್ಟೆಯಲ್ಲೇ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ. ಫಜ್ರ್ ನಂತರ ಮನೆಯ ಮಾಳಿಗೆಯಲ್ಲಿ ಬೆನ್ನಿನ ವ್ಯಾಯಾಮ ಮಾಡುತ್ತಾನೆ. ಕಣ್ಣು ಸ್ವಲ್ಪ ಚುಚ್ಚಿದರೂ ಅದೇ ದಿನ ಬಸ್ಸು ಹತ್ತಬೇಕೆಂದು ವೈದ್ಯೆ ಹೇಳಿದ್ದಾರೆ, ಹತ್ತುತ್ತಾನೆ. ಮುಂದಿನ ಶಿಬಿರದಲ್ಲಿ ಹೆಸರು ಬರೆಯುವ ಮೇಜಿಗೆ ನನ್ನ ಪಕ್ಕದಲ್ಲಿ ಅವನನ್ನೂ ಕೂರಿಸಬೇಕೆಂದು ಕಮಿಟಿಯವರನ್ನು ಕೇಳಿದ್ದೇನೆ. ನಮ್ಮ ಶಿಬಿರದ ಚೀಟಿಯ ಹಿಂಬದಿ ಇಷ್ಟು ವರ್ಷ ಖಾಲಿಯೇ ಇತ್ತು, ಆ ನಾಲ್ಕು ಪ್ರಶ್ನೆಗಳನ್ನು ಅಲ್ಲಿ ಅಚ್ಚು ಹಾಕಿಸಲು ಕೊಟ್ಟು ಬಂದಿದ್ದೇವೆ.